ರ‍್ಯಾಮ್ ಹಾಕಿದ ಮ್ಯಾಲೆ ಲ್ಯಾಪ್‌ಟಾಪ್ ಕ್ರ್ಯಾಶ್: 8 ಜಿಬಿಗೆ 16 ಜಿಬಿ ಕೂಡಿಸೇವಿ, ದೋಷ ಸ್ಟಿಕ್‌ದೋ ಸ್ಲಾಟಿಂದೋ?

ಬೆಟಗೇರಿ_ಡಿಟಿಪಿ, ಗದಗ

ಎಲ್ಲಾರಿಗೂ ನಮಸ್ಕಾರ್ರಿ. ಆಫ್‌ಸೆಟ್ ಪ್ರೆಸ್ಸಿನ ಡಿಟಿಪಿ ಕೆಲಸಕ್ಕ ಬಳಸೋ ಲ್ಯಾಪ್‌ಟಾಪ್ ಇದು. ಇಂಟೆಲ್ ಐ5-1135ಜಿ7, ವಿಂಡೋಸ್ 11, 512 ಜಿಬಿ ಎನ್‌ವಿಎಮ್‌ಇ ಎಸ್‌ಎಸ್‌ಡಿ, ರ‍್ಯಾಮಿಗೆ ಎರಡು ಸ್ಲಾಟ್. ಕಂಪನಿಯಿಂದ ಬಂದಿದ್ದು 8 ಜಿಬಿ ಡಿಡಿಆರ್4 3200, ಸ್ಟಿಕ್ಕರ್ ಮ್ಯಾಲೆ 1ಆರ್‌ಎಕ್ಸ್16 (ಚಿಪ್ಪಿನ ಜೋಡಣಿ ತಿಳಸೋ ಗುರುತು) ಅಂತ ಐತಿ. ಎರಡನೇ ಸ್ಲಾಟ್ ತಗೊಂಡಾಗಿಂದ ಖಾಲಿನ ಇತ್ತು. ಈಗ ಅದಕ್ಕ ಬ್ಯಾರೆ ಬ್ರ್ಯಾಂಡಿನ 16 ಜಿಬಿ ಡಿಡಿಆರ್4 3200, 2ಆರ್‌ಎಕ್ಸ್8 ಹಾಕೇವಿ.

ಚಾಲೂ ಆಗತೈತಿ. ಟಾಸ್ಕ್ ಮ್ಯಾನೇಜರ್‌ನ್ಯಾಗ 24 ಜಿಬಿ, 3200, ಎರಡರಾಗ ಎರಡು ಸ್ಲಾಟ್ ತುಂಬ್ಯಾವ ಅಂತ ತೋರಸತೈತಿ. ಲಗ್ನಪತ್ರಿಕಿ, ಬಿಲ್‌ಬುಕ್ಕಿನಂಥ ಸಣ್ಣ ಕೆಲಸಕ್ಕ ಏನೂ ತ್ರಾಸಿಲ್ಲ. ಕ್ಯಾಲೆಂಡರ್ ಶೀಟು ಫೋಟೋಶಾಪ್‌ನ್ಯಾಗ ತಗದು, ಬಾಜೂಕ ಕೋರೆಲ್ ಡ್ರಾ ಹಚ್ಚಿದ್ರ ನೀಲಿ ಸ್ಕ್ರೀನ್. ಕೋಡ್ ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್, ಒಮ್ಮೆ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್, ಒಮ್ಮೆ ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ. ಕೆಲವೊಮ್ಮೆ ನೀಲಿನೂ ಬರಂಗಿಲ್ಲ, ಸೀದಾ ರೀಸ್ಟಾರ್ಟ್. ಸ್ಲೀಪ್‌ನಿಂದ ಎಬ್ಬಿಸಿದ್ರ ಸ್ಕ್ರೀನ್ ಕರ‍್ರಗ ನಿಂದ್ರತೈತಿ. ಮಳಿ ಹಿಡಿದ ದಿನ ಮುಂಜಾನೆ ಮೊದಲನೇ ಸಲ ಹಚ್ಚಿದಾಗ ಈ ಕಾಟ ಜಾಸ್ತಿ.

ವಿಂಡೋಸಿನ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿದ್ರ ದೋಷ ಇಲ್ಲ ಅಂತೈತಿ. ರ‍್ಯಾಮ್ ಕೊಟ್ಟವರು "ಎರಡೂ ಒಂದ ಕಂಪನಿದು ಇರಬೇಕು, ಜೋಡಿ ತಗೊಳ್ರಿ" ಅಂತಾರ. ಇನ್ನೊಬ್ಬರು ಸ್ಟಿಕ್ಕೇ ಕೆಟ್ಟೈತಿ, ವಾಪಸ್ ಕೊಡ್ರಿ ಅಂತಾರ. ಮತ್ತ ರೊಕ್ಕಾ ಹಾಕೂಕಿಂತ ಮೊದಲ ದೋಷ ಎಲ್ಲೈತಿ ಅಂತ ಖಾತ್ರಿ ಮಾಡ್ಕೊಳ್ಳೋ ದಾರಿ ಹೇಳ್ರಿ.

---

ಸಾಧನಕೇರಿ_ಬೆಂಚ್, ಧಾರವಾಡ

ಸದ್ಯಕ್ಕ ಸ್ಟಿಕ್ ವಾಪಸ್ ಕೊಡಬ್ಯಾಡ್ರಿ, ಜೋಡಿನೂ ತಗೋಬ್ಯಾಡ್ರಿ. ಪ್ರತಿ ಸಲ ಬ್ಯಾರೆ ಬ್ಯಾರೆ ಕೋಡ್ ಬರ್ಲಿಕತ್ತದ ಅಂದ್ರ ಮೆಮೊರಿ ಕಡೆನೇ ಸಂಶಯ ಪಡಬೇಕು. ಡ್ರೈವರ್ ಕೆಟ್ಟಿದ್ರ ಬಹುತೇಕ ಒಂದೇ ಕೋಡ್, ಒಂದೇ ಫೈಲಿನ ಹೆಸರು ತಿರುಗಿ ತಿರುಗಿ ಕಾಣಸ್ತದ. ಮೆಮೊರಿಯೊಳಗ ಒಂದು ಬಿಟ್ ತಪ್ಪಿದ್ರ, ಆ ಹೊತ್ತಿಗೆ ಆ ಜಾಗಾದಾಗ ಯಾವ ಪ್ರೋಗ್ರಾಮ್ ಕೂತಿರ್ತದೋ ಅದು ಬೀಳ್ತದ, ಹಿಂಗಾಗಿ ಕೋಡ್ ಬದಲಾಗ್ತಾವ. ಆದ್ರ ಮೆಮೊರಿಯೊಳಗ ತಪ್ಪು ಬಂತು ಅಂದ ಕೂಡಲೆ ಹೊಸ ಸ್ಟಿಕ್ ಕೆಟ್ಟದ ಅಂತ ತಿಳೀಬಾರದು. ಸ್ಟಿಕ್ ಇರಬಹುದು, ಸ್ಲಾಟ್ ಇರಬಹುದು, ಎರಡೂ ಕೂಡಿದಾಗ ಮಾತ್ರ ಬರೋ ಹೊಂದಾಣಿಕಿ ದೋಷ ಇರಬಹುದು. ಈ ಮೂರನ್ನ ಬ್ಯಾರೆ ಬ್ಯಾರೆ ಮಾಡಿ ನೋಡೋದೇ ನಿಮ್ಮ ಕೆಲಸ.

ವಿಂಡೋಸಿನ ಡಯಾಗ್ನಾಸ್ಟಿಕ್ "ದೋಷ ಇಲ್ಲ" ಅಂದದ್ದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ಅದು ಸ್ಟ್ಯಾಂಡರ್ಡ್ ಮೋಡ್‌ನ್ಯಾಗ ಓಡಿರ್ತದ. ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆರಿಸಿದ್ರ ಸ್ವಲ್ಪ ಆಳಕ್ಕ ಹೋಗ್ತದ ಖರೆ, ಆದ್ರೂ ಅರೆಬರೆ ತಾಗೋ ಕಾಂಟ್ಯಾಕ್ಟಿನ ದೋಷ ಅದರ ಕೈಗೆ ಎಷ್ಟೋ ಸಲ ಸಿಗೂದಿಲ್ಲ. ಮೆಮ್‌ಟೆಸ್ಟ್86 ಬಳಸ್ರಿ. ಪುಕ್ಕಟೆ ಆವೃತ್ತಿ ಸಾಕು, 4 ಪಾಸ್ (ಪರೀಕ್ಷೆಯ ಪೂರಾ ಸುತ್ತು) ತನಕ ಓಡಸ್ತದ. ಹಳೆ ಪೆನ್‌ಡ್ರೈವ್ ಒಂದಕ್ಕ ಬರ್ಕೊಂಡು ಅದರಿಂದ ಬೂಟ್ ಮಾಡ್ರಿ. ಪೆನ್‌ಡ್ರೈವ್‌ನ್ಯಾಗಿದ್ದದ್ದೆಲ್ಲಾ ಅಳಿಸಿ ಹೋಗ್ತದ, ನೆನಪಿರ್ಲಿ.

ಬಯಾಸ್‌ಗೆ (ಲ್ಯಾಪ್‌ಟಾಪ್ ಚಾಲೂ ಆಗೋವಾಗ ಮೊದಲ ಓಡೋ ಬೋರ್ಡಿನ ಪ್ರೋಗ್ರಾಮ್) ಕೈ ಹಚ್ಚೋ ಮೊದಲ ಒಂದು ಕೆಲಸ ತಪ್ಪಸ್ಬ್ಯಾಡ್ರಿ. ವಿಂಡೋಸ್ 11 ಇರೋ ಎಷ್ಟೋ ಲ್ಯಾಪ್‌ಟಾಪಿನ್ಯಾಗ ಡಿವೈಸ್ ಎನ್‌ಕ್ರಿಪ್ಶನ್ ತಾನೇ ಚಾಲೂ ಆಗಿರ್ತದ. ಬೂಟ್ ಸೆಟ್ಟಿಂಗ್ ಇಲ್ಲಾ ಸೆಕ್ಯೂರ್ ಬೂಟ್ ಬದಲಾಯಿಸಿದ್ರ ಮುಂದಿನ ಸಲ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನ್ಯಾಗ ಇರ್ತದ. ಮೊದಲ ಅದನ್ನ ಕಾಗದದ ಮ್ಯಾಲೆ ಬರ್ಕೊಳ್ರಿ. ಕೀ ಇಲ್ದ ಡಿಸ್ಕಿನೊಳಗಿನ ಜಾಬ್ ಫೈಲ್ ಯಾರಿಂದನೂ ತಗಿಯೂದಾಗೂದಿಲ್ಲ.

ಈಗ ಸ್ಟಿಕ್ ತಗಿಯೋ ಕ್ರಮ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಆರಿಸ್ರಿ. ಬರೇ ಶಟ್‌ಡೌನ್ ಮಾಡಿದ್ರ ಫಾಸ್ಟ್ ಸ್ಟಾರ್ಟಪ್ ಇದ್ದಾಗ ವಿಂಡೋಸಿನ ಕರ್ನಲ್ ಡಿಸ್ಕಿನ್ಯಾಗ ಉಳ್ಕೊಂಡಿರ್ತದ, ರ‍್ಯಾಮ್ ಬದಲಾದ ಮ್ಯಾಲೆ ಆ ಹಳೆ ಸ್ಥಿತಿಯಿಂದ ಏಳೂದು ಒಳ್ಳೇದಲ್ಲ. ಚಾರ್ಜರ್ ತಗೀರಿ, ಕೆಳಗಿನ ಮುಚ್ಚಳ ತಗೀರಿ, ಬ್ಯಾಟರಿಯ ಕನೆಕ್ಟರ್ ಬೋರ್ಡಿನಿಂದ ಬಿಡಸ್ರಿ, ಆಮ್ಯಾಲೆ ಪವರ್ ಬಟನ್ 15–20 ಸೆಕೆಂಡ್ ಒತ್ತಿ ಹಿಡೀರಿ. ಬ್ಯಾಟರಿ ಹಚ್ಚಿಟ್ಟು ರ‍್ಯಾಮ್ ಕಿತ್ತಬ್ಯಾಡ್ರಿ: ಲ್ಯಾಪ್‌ಟಾಪ್ ಸ್ಲೀಪ್‌ನ್ಯಾಗಿದ್ರ ಸ್ಲಾಟಿನ್ಯಾಗ ಕರೆಂಟ್ ಇರ್ತದ, ಅದರಾಗ ಸ್ಟಿಕ್ ಜಾರಿಸಿದ್ರ ಸ್ಟಿಕ್ಕೂ ಹೋಗ್ತದ, ಬೋರ್ಡೂ ಹೋಗ್ತದ. ಮುಚ್ಚಳದ ಸ್ಕ್ರೂ ಯಾವ ತೂತಿಂದು ಯಾವುದು ಅಂತ ಒಂದು ಹಾಳಿ ಮ್ಯಾಲೆ ಚಿತ್ರ ತಗದು ಅದರ ಮ್ಯಾಲೇ ಇಡ್ರಿ, ಯಾಕಂದ್ರ ಉದ್ದನ ಸ್ಕ್ರೂ ಗಿಡ್ಡ ತೂತಿಗೆ ಹೋದ್ರ ಕೆಳಗಿನ ಬೋರ್ಡನ್ನ ಚುಚ್ಚತದ.

ಕೂಡಸೋವಾಗ ಸ್ಟಿಕ್ಕಿನ ಕಚ್ಚು ಸ್ಲಾಟಿನ ಕಟ್ಟಿಗೆ ಹೊಂದಿಸಿ, ಸುಮಾರು 30 ಡಿಗ್ರಿ ಓರೆ ಹಿಡಿದು, ಬಂಗಾರದ ಬಣ್ಣದ ಪಟ್ಟಿ ಬಹುತೇಕ ಕಾಣದಂಗ ಆಗೋತನಕ ಒಳಗ ದೂಡ್ರಿ. ಆಮ್ಯಾಲೆ ಕೆಳಗ ಒತ್ತಿದ್ರ ಎರಡೂ ಕಡೆ ಕೊಂಡಿ ಟಕ್ ಅಂತ ಬೀಳಬೇಕು. ಪೂರಾ ಒಳಗ ಹೋಗಿರದ ಸ್ಟಿಕ್ಕನ್ನ ಬಗ್ಗಿಸಿ ಒತ್ತಿದ್ರೂ ಕೊಂಡಿ ಬೀಳ್ತದ, ಲ್ಯಾಪ್‌ಟಾಪೂ ಚಾಲೂ ಆಗ್ತದ, 24 ಜಿಬಿ ಅಂತನೂ ತೋರಸ್ತದ. ಕ್ರ್ಯಾಶ್ ಶುರು ಆಗೋದು ಆಮ್ಯಾಲೆ. ಡಿಡಿಆರ್4 ಸ್ಟಿಕ್ಕಿಗೆ 260 ಕಾಂಟ್ಯಾಕ್ಟ್ ಇರ್ತಾವ. ಅದರಾಗ ಒಂದೇ ಒಂದು ಡೇಟಾ ಲೈನ್ ಅರೆಬರೆ ತಾಗಿದ್ರೂ ಸಾಕು.

ಪರೀಕ್ಷೆ ಮಾಡೋ ಜೋಡಣಿ ನಾಕು:

ಅ) ಹಳೆ ಸ್ಟಿಕ್ ಒಂದೇ, 1ನೇ ಸ್ಲಾಟಿನ್ಯಾಗ
ಆ) ಹೊಸ ಸ್ಟಿಕ್ ಒಂದೇ, 1ನೇ ಸ್ಲಾಟಿನ್ಯಾಗ
ಇ) ಹಳೆ ಸ್ಟಿಕ್ ಒಂದೇ, 2ನೇ ಸ್ಲಾಟಿನ್ಯಾಗ
ಈ) ಹೊಸ ಸ್ಟಿಕ್ ಒಂದೇ, 2ನೇ ಸ್ಲಾಟಿನ್ಯಾಗ

ಆ ಮತ್ತು ಈ ಎರಡರಾಗೂ ತಪ್ಪು ಬಂದು, ಅ ಮತ್ತು ಇ ಸ್ವಚ್ಛ ಇದ್ರ ಹೊಸ ಸ್ಟಿಕ್ ಕೆಟ್ಟದ, ವಾಪಸ್ ಕೊಡ್ರಿ. ಇ ಮತ್ತು ಈ ಎರಡರಾಗೂ ತಪ್ಪು ಬಂದು, ಅ ಮತ್ತು ಆ ಸ್ವಚ್ಛ ಇದ್ರ ದೋಷ ಸ್ಲಾಟಿಂದು. ನಾಕೂ ಸ್ವಚ್ಛ, ಎರಡೂ ಕೂಡಿಸಿದಾಗ ಮಾತ್ರ ತಪ್ಪು ಅಂದ್ರ ಹೊಂದಾಣಿಕಿ ದೋಷ, ಬಯಾಸ್ ಕಡೆ ನೋಡಬೇಕು. ಅ ಜೋಡಣಿಯೊಳಗೇ ತಪ್ಪು ಬಂತಂದ್ರ ಹೊಸ ರ‍್ಯಾಮಿಗೂ ಇದಕ್ಕೂ ಸಂಬಂಧ ಇಲ್ಲ, ಹಳೆ ದೋಷ ಈಗ ಹೊರಗ ಬಂದದ ಅಷ್ಟ. ಕೆಲವು ಲ್ಯಾಪ್‌ಟಾಪ್ 2ನೇ ಸ್ಲಾಟ್ ಒಂದರ ಮ್ಯಾಲೆ ಏಳೂದಿಲ್ಲ. ಹಂಗಿದ್ರ ಎರಡೂ ಸ್ಟಿಕ್ಕಿನ ಜಾಗಾ ಅದಲಿಬದಲಿ ಮಾಡಿ ನೋಡ್ರಿ.

ರ‍್ಯಾಮ್ ಬದಲಾದ ಮ್ಯಾಲೆ ಮೊದಲನೇ ಬೂಟಿಗೆ ಸ್ಕ್ರೀನ್ ಸ್ವಲ್ಪ ಹೊತ್ತು ಕರ‍್ರಗ ಇರ್ತದ. ಬಯಾಸ್ ಹೊಸ ಸ್ಟಿಕ್ಕಿನ ಟೈಮಿಂಗ್ ಹೊಂದಿಸ್ಕೊಳ್ಳಲಿಕತ್ತಿರ್ತದ. ಗಾಬರಿಯಾಗಿ ಪವರ್ ಬಟನ್ ಒತ್ತಬ್ಯಾಡ್ರಿ, ಎರಡು ಮೂರು ನಿಮಿಷ ಬಿಡ್ರಿ.

ಒಂದೊಂದು ಜೋಡಣಿಗೆ 4 ಪಾಸ್ ಪೂರಾ ಆಗಬೇಕು. ಮೆಮ್‌ಟೆಸ್ಟ್86ರ ಮೊದಲನೇ ಪಾಸ್ ಉಳಿದವುಕ್ಕಿಂತ ಸಣ್ಣದು, ಅದೊಂದು ನೋಡಿ ನಿಲ್ಲಿಸಿದ್ರ ಪ್ರಯೋಜನ ಇಲ್ಲ. 16 ಜಿಬಿಗೆ ತಾಸುಗಟ್ಟಲೆ ಬೇಕು. ಚಾರ್ಜರ್ ಹಚ್ಚಿ ರಾತ್ರಿ ಬಿಟ್ಟು ಹೋಗ್ರಿ. ಒಂದೇ ಒಂದು ತಪ್ಪು ಬಂದ್ರೂ ಅದು ನಪಾಸು, "ಒಂದೇ ಅಲ್ಲ" ಅಂತ ಬಿಡೂಹಂಗಿಲ್ಲ.

ತಪ್ಪು ಬಂದಾಗ ಪರದೆಯ ಫೋಟೋ ತಗೀರಿ. ಅದರಾಗ ಇರಬೇಕಾಗಿದ್ದ ಬೆಲೆ ಮತ್ತು ಬಂದ ಬೆಲೆ ಎರಡೂ ಇರ್ತಾವ. ವಿಳಾಸ ಬ್ಯಾರೆ ಬ್ಯಾರೆ ಇದ್ದು ತಪ್ಪೋ ಬಿಟ್ ಮಾತ್ರ ಯಾವಾಗ್ಲೂ ಒಂದೇ ಇದ್ರ, ಒಂದು ಡೇಟಾ ಲೈನಿನ ಕಾಂಟ್ಯಾಕ್ಟ್ ಮ್ಯಾಲೆ ಸಂಶಯ ಪಡ್ರಿ. ಒಂದೇ ವಿಳಾಸ ಪ್ರತಿ ಪಾಸಿನ್ಯಾಗೂ ತಪ್ಪಿದ್ರ ಚಿಪ್ಪಿನೊಳಗಿನ ಸೆಲ್ ಸತ್ತದ, ಆ ಸ್ಟಿಕ್ ರಿಪೇರಿ ಆಗೂದಿಲ್ಲ.

---

ರಾಣೇಬೆನ್ನೂರು_ಬಯಾಸ್, ಹಾವೇರಿ ಜಿಲ್ಲೆ

ಮೇಲಿನ ಪರೀಕ್ಷೆ ನಡೆಯುವಾಗ ಇನ್ನೆರಡು ವಿಷಯ ಗಮನಿಸಿರಿ.

ಎರಡೂ ಒಂದೇ ಕಂಪನಿಯದು ಇರಬೇಕು ಎಂಬ ಮಾತು ಅರ್ಧ ಸತ್ಯವೂ ಅಲ್ಲ. ಒಂದೇ ಬ್ರ್ಯಾಂಡಿನ ಒಂದೇ ಮಾಡೆಲ್ಲಿನ ಎರಡು ಸ್ಟಿಕ್ಕಿನಲ್ಲೇ ಬೇರೆ ಬೇರೆ ತಯಾರಕರ ಚಿಪ್ಪುಗಳಿರುವುದುಂಟು. ನೋಡಬೇಕಾದದ್ದು ತಲೆಮಾರು, ವೋಲ್ಟೇಜ್, ಟೈಮಿಂಗ್. ಡಿಡಿಆರ್4 ಅಂದರೆ 1.2 ವೋಲ್ಟ್. 3200ಕ್ಕೆ ಜೆಡೆಕ್ (ಮೆಮೊರಿಯ ಮಾನಕ ನಿಗದಿ ಮಾಡುವ ಸಂಸ್ಥೆ) ಪ್ರಕಾರದ ಸಾಮಾನ್ಯ ಟೈಮಿಂಗ್ 22-22-22. ಸಿಪಿಯು-ಝಡ್ ಎಂಬ ಪ್ರೋಗ್ರಾಮ್ ಹಾಕಿಕೊಂಡು ಎಸ್‌ಪಿಡಿ ಟ್ಯಾಬಿನಲ್ಲಿ (ಸ್ಟಿಕ್ಕಿನ ವಿವರ ಇರುವಲ್ಲಿ) ಎರಡೂ ಸ್ಲಾಟ್ ತೆಗೆದು ನೋಡಿರಿ. ನಿಮ್ಮ ಹೊಸ ಸ್ಟಿಕ್ ಗೇಮಿಂಗ್ ಮಾದರಿಯದಾಗಿದ್ದರೆ 3200ಕ್ಕೆ ಸಿಎಲ್20 (ಟೈಮಿಂಗಿನ ಮೊದಲ ಅಂಕಿ) ಎಂದೋ, 1.35 ವೋಲ್ಟಿನ ಎಕ್ಸ್‌ಎಂಪಿ (ಹೆಚ್ಚಿನ ವೇಗದ ಸಿದ್ಧ ಸೆಟ್ಟಿಂಗ್) ಎಂದೋ ಬರೆದಿರಬಹುದು. 1.35 ವೋಲ್ಟಿನ ಎಕ್ಸ್‌ಎಂಪಿ ಸ್ಟಿಕ್ಕನ್ನು ಸಾಮಾನ್ಯ ಲ್ಯಾಪ್‌ಟಾಪ್ ಆ ವೇಗದಲ್ಲಿ ಓಡಿಸುವುದೇ ಇಲ್ಲ, ಕಡಿಮೆ ವೇಗಕ್ಕೆ ಇಳಿಸುತ್ತದೆ. ನಿಮ್ಮದರಲ್ಲಿ 3200 ಎಂದೇ ತೋರಿಸುತ್ತಿರುವುದರಿಂದ ಆ ಸಮಸ್ಯೆ ಇರಲಾರದು, ಆದರೂ ಒಮ್ಮೆ ನೋಡಿಬಿಡಿರಿ. ಬಿಗಿ ಟೈಮಿಂಗಿನ ಸ್ಟಿಕ್ಕು, ಸಾದಾ ಸ್ಟಿಕ್ಕು ಕೂಡಿದಾಗ ಬಯಾಸ್ ನಿಧಾನದ್ದಕ್ಕೆ ಹೊಂದಿಕೊಳ್ಳಬೇಕು. ಹಳೆ ಬಯಾಸುಗಳು ಇಲ್ಲಿ ಎಡವುತ್ತವೆ. ಲ್ಯಾಪ್‌ಟಾಪ್ ಬಯಾಸಿನಲ್ಲಿ ಟೈಮಿಂಗನ್ನು ಕೈಯಿಂದ ತಿದ್ದುವ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ತಯಾರಕರ ಬಯಾಸ್ ಅಪ್‌ಡೇಟ್ ಒಂದೇ ದಾರಿ. ಆದರೆ ಮೆಮೊರಿಯಲ್ಲಿ ತಪ್ಪು ಬರುತ್ತಿರುವಾಗ ಬಯಾಸ್ ಫ್ಲ್ಯಾಶ್ ಮಾಡಬೇಡಿರಿ. ಫ್ಲ್ಯಾಶ್ ನಡುವೆ ಕ್ರ್ಯಾಶ್ ಆದರೆ ಬೋರ್ಡ್ ಏಳುವುದೇ ಕಷ್ಟ. ಹಳೆ 8 ಜಿಬಿ ಒಂದನ್ನೇ 1ನೇ ಸ್ಲಾಟಿಗೆ ಹಾಕಿ, ಬ್ಯಾಟರಿ ತುಂಬಿಸಿ, ಚಾರ್ಜರ್ ಹಚ್ಚಿ, ಆಗ ಮಾಡಿರಿ.

8 ಮತ್ತು 16 ಕೂಡಿಸುವುದು ತಪ್ಪಲ್ಲ. ಇಂಟೆಲ್‌ನಲ್ಲಿ ಫ್ಲೆಕ್ಸ್ ಮೋಡ್ ಇದೆ: ಎರಡೂ ಸ್ಟಿಕ್ಕಿನಿಂದ ತಲಾ 8 ಜಿಬಿ ಸೇರಿ 16 ಜಿಬಿ ಡ್ಯುಯಲ್ ಚಾನೆಲ್ಲಿನಲ್ಲಿ (ಎರಡೂ ಸ್ಟಿಕ್ಕನ್ನು ಏಕಕಾಲಕ್ಕೆ ಬಳಸುವ ರೀತಿ), ದೊಡ್ಡ ಸ್ಟಿಕ್ಕಿನ ಉಳಿದ 8 ಜಿಬಿ ಸಿಂಗಲ್ ಚಾನೆಲ್ಲಿನಲ್ಲಿ ಓಡುತ್ತದೆ. ವೇಗದಲ್ಲಿ ತುಸು ವ್ಯತ್ಯಾಸ ಬಂದೀತು, ಕ್ರ್ಯಾಶ್ ಆಗುವ ಕಾರಣವಿಲ್ಲ. ಸಣ್ಣ ಕೆಲಸಕ್ಕೆ ತೊಂದರೆ ಇಲ್ಲದೆ ದೊಡ್ಡ ಫೈಲಿಗೆ ಬೀಳುವುದೂ ಸಹಜವೇ, ಮೆಮೊರಿ ಹೆಚ್ಚು ತುಂಬಿದಷ್ಟೂ ಕೆಟ್ಟ ಜಾಗ ಬಳಕೆಗೆ ಬರುವ ಸಂಭವ ಹೆಚ್ಚು.

ಎರಡನೆಯದು ಗ್ರಾಫಿಕ್ಸ್. ನಿಮ್ಮ 1135ಜಿ7 ಪ್ರೊಸೆಸರಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಒಂದೇ ಸ್ಟಿಕ್ ಇದ್ದಾಗ ಡಿವೈಸ್ ಮ್ಯಾನೇಜರಿನಲ್ಲಿ ಇಂಟೆಲ್ ಯುಎಚ್‌ಡಿ ಗ್ರಾಫಿಕ್ಸ್ ಎಂದಿರುತ್ತದೆ. ಎರಡು ಸ್ಟಿಕ್ ಹಾಕಿ ಡ್ಯುಯಲ್ ಚಾನೆಲ್ ಆದಾಗ ಅದೇ ಐರಿಸ್ ಎಕ್ಸ್‌ಇ ಎಂದು ತೋರಿಸುತ್ತದೆ. ಈ ಹೆಸರು ಬದಲಾಗಿದೆಯೇ ನೋಡಿರಿ. ಹಳೆಯ ಗ್ರಾಫಿಕ್ಸ್ ಡ್ರೈವರ್ ಉಳಿದಿದ್ದರೆ ಸ್ಲೀಪಿನಿಂದ ಎಬ್ಬಿಸಿದಾಗ ಕಪ್ಪು ಪರದೆ ಬರುವುದು ಅದರಿಂದಲೂ ಇರಬಹುದು. ಅಂದರೆ ನಿಮ್ಮಲ್ಲಿ ಒಂದಲ್ಲ, ಎರಡು ಬೇರೆ ದೋಷ ಇರುವ ಸಾಧ್ಯತೆ ಇದೆ. ಮೊದಲು ಮೆಮೊರಿ ಸರಿಪಡಿಸಿರಿ, ಆಮೇಲೆ ಡ್ರೈವರ್. ಕೆಟ್ಟ ಮೆಮೊರಿಯ ಮೇಲೆ ಡ್ರೈವರ್ ಹಾಕಿದರೆ ಆ ಡ್ರೈವರ್ ಫೈಲೇ ಹಾಳಾಗಿ ಕೂರಬಹುದು.

ಸೀದಾ ರೀಸ್ಟಾರ್ಟ್ ಆಗುವುದಕ್ಕೆ: ಸಿಸ್ಟಂ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಸ್ಟಾರ್ಟಪ್ ಆ್ಯಂಡ್ ರಿಕವರಿಯಲ್ಲಿ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಟಿಕ್ ತೆಗೆಯಿರಿ, ನೀಲಿ ಪರದೆ ನಿಂತು ಓದಲು ಸಿಗುತ್ತದೆ. ಇವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಹುಡುಕಿ ವಿವರ ತೆರೆಯಿರಿ. ಬಗ್‌ಚೆಕ್ ಕೋಡ್ ಸೊನ್ನೆ ಇದ್ದರೆ ವಿಂಡೋಸಿಗೆ ನೀಲಿ ಪರದೆ ತೋರಿಸುವಷ್ಟೂ ವ್ಯವಧಾನ ಸಿಕ್ಕಿಲ್ಲ, ಕರೆಂಟ್ ಕಡಿದಿದೆ ಅಥವಾ ಬೋರ್ಡ್ ಪೂರ್ತಿ ಸ್ತಬ್ಧವಾಗಿದೆ ಎಂದರ್ಥ. ಸೊನ್ನೆ ಅಲ್ಲದಿದ್ದರೆ ಅದೇ ನೀಲಿ ಪರದೆಯ ಕೋಡ್, ದಶಮಾಂಶ ರೂಪದಲ್ಲಿ: 26 ಎಂದಿದ್ದರೆ ಮೆಮೊರಿ ಮ್ಯಾನೇಜ್‌ಮೆಂಟ್, 10 ಎಂದಿದ್ದರೆ ಐಆರ್‌ಕ್ಯೂಎಲ್, 80 ಎಂದಿದ್ದರೆ ಪೇಜ್ ಫಾಲ್ಟ್, 278 ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್.

---

ಬೆಟಗೇರಿ_ಡಿಟಿಪಿ, ಗದಗ

ನಾಕೂ ಜೋಡಣಿ ಮುಗದಾವ್ರಿ. ಅ: ತಪ್ಪಿಲ್ಲ. ಆ: ತಪ್ಪಿಲ್ಲ. ಇ: ಎರಡನೇ ಪಾಸಿನಿಂದ ತಪ್ಪು ಬರಾಕತ್ತಾವ, ವಿಳಾಸ ಬ್ಯಾರೆ ಬ್ಯಾರೆ, ಆದ್ರ ಬಿಟ್ ಪ್ರತಿ ಸಲ ಅದ. ಈ: ಮೊದಲನೇ ಸಲ ಡಿಸ್‌ಪ್ಲೇನ ಬರಲಿಲ್ಲ, ತಗದು ಮತ್ತ ಕೂಡಿಸಿದ ಮ್ಯಾಲೆ ಬಂತು, ಅಲ್ಲೂ ಅದ ಬಿಟ್ ತಪ್ಪತೈತಿ. ಅಂದ್ರ ಸ್ಟಿಕ್ ಎರಡೂ ಚಲೋ ಅದಾವ, 2ನೇ ಸ್ಲಾಟ್ ದೋಷ ಅಂತಾತು.

ಸಿಪಿಯು-ಝಡ್‌ನ್ಯಾಗ ಎರಡೂ 1.2 ವೋಲ್ಟ್, ಸಿಎಲ್22. ಕರ್ನಲ್-ಪವರ್ 41ರಾಗ ಕೋಡ್ 26 ಜಾಸ್ತಿ, ಸೊನ್ನೆನೂ ಐತಿ.

ಸ್ಲಾಟಿನೊಳಗ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರ ಬಿಳೇ ಹುಡಿ ಕುಂತಂಗ ಕಾಣತೈತಿ. ಪಿನ್ ಬಾಗಿದ್ದು ಕಾಣವಲ್ದು. ಬೋರ್ಡ್ ಬಿಚ್ಚಿ ಸ್ಲಾಟ್ ಬದಲಿ ಮಾಡಸಬೇಕೇನು?

---

ವಿದ್ಯಾನಗರ_ಚಿಪ್‌ಲೆವೆಲ್, ಹುಬ್ಬಳ್ಳಿ

ಬದಲಿ ಮಾಡಸೂದು ಕಡೀ ಮಾತು. ಮೊದಲ ಸ್ವಚ್ಛ ಮಾಡ್ರಿ.

ಆ ಬಿಳೇ ಹುಡಿ ಬಹುಶಃ ನಿಮ್ಮ ಪ್ರೆಸ್ಸಿನ ಸ್ಪ್ರೇ ಪೌಡರ್. ಶೀಟಿನ ಹಸಿ ಇಂಕು ಮ್ಯಾಲಿನ ಶೀಟಿನ ಬೆನ್ನಿಗೆ ಹತ್ತಬಾರದು ಅಂತ ಆಫ್‌ಸೆಟ್ ಮಷಿನ್ನಿನ ಡೆಲಿವರಿ ಕಡೆ ಹಾಕತಾರಲ್ಲ, ಅದು. ಹೆಚ್ಚಾಗಿ ಸ್ಟಾರ್ಚಿನಿಂದ ಮಾಡಿರತಾರ, ಕೆಲವು ಸುಣ್ಣದ ಕಲ್ಲಿನ ಹುಡಿ. ಭಾಳ ಸಣ್ಣ ಕಣ, ಗಾಳಿಯೊಳಗ ತೇಲತೈತಿ. ಡಿಟಿಪಿ ಖೋಲಿ ಮಷಿನ್ನಿನ ಬಾಜೂಕಿದ್ರ ಲ್ಯಾಪ್‌ಟಾಪಿನ ಫ್ಯಾನ್ ಅದನ್ನ ಒಳಗ ಎಳಕೊಂತೈತಿ. ಸ್ಟಿಕ್ ಇದ್ದ ಸ್ಲಾಟಿನ ಪಿನ್ ಮುಚ್ಚಿರತಾವ, ಖಾಲಿ ಸ್ಲಾಟಿನ ಪಿನ್ ತೆರದಿರತಾವ. ಹಿಂಗಾಗಿ 1ನೇ ಸ್ಲಾಟ್ ಉಳೀತು, 2ನೇದಕ್ಕ ಪೆಟ್ಟು ಬಿತ್ತು. ಸ್ಟಾರ್ಚ್ ತಂಪು ಹೀರ್ಕೊಂತೈತಿ. ಮಳಿ ದಿನ ಮುಂಜಾನೆ ಮೊದಲನೇ ಸಲ ಹಚ್ಚಿದಾಗ ಜಾಸ್ತಿ ತ್ರಾಸು ಅಂತ ನೀವು ಬರದದ್ದಕ್ಕ ಇದು ಸರಿ ಹೊಂದತೈತಿ.

ಬೇಕಾಗೂದು: 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ (ಐಪಿಎ), ಮೆತ್ತನ್ನ ಕೂದಲಿನ ಸಣ್ಣ ಬ್ರಶ್, ಕ್ಯಾಮೆರಾ ಲೆನ್ಸಿಗೆ ಊದೋ ರಬ್ಬರ್ ಬ್ಲೋವರ್, ಎಳಿ ಬಿಡದ ಅರಿವಿ. ಕೊಪ್ಪಿಕರ್ ರೋಡಿನ ಮೊಬೈಲ್ ಬಿಡಿಭಾಗದ ಅಂಗಡಿಗಳೊಳಗ ಕೇಳಿ ನೋಡ್ರಿ, ಇವು ರಿಪೇರಿಯವರು ದಿನಾ ಬಳಸೋ ಸಾಮಾನು.

ಪ್ರೆಸ್ಸಿನ್ಯಾಗ ಕೈಗೆ ಸಿಗೂವು ಕೆಲವು ಅದಾವ, ಅವನ್ನ ಬಳಸಬ್ಯಾಡ್ರಿ. ಡ್ಯಾಂಪನಿಂಗ್ ನೀರಿಗೆ ಕೂಡಸಾಕ ಇಟ್ಟ ಐಪಿಎ ಡಬ್ಬಿ ತೆರದು ಭಾಳ ದಿನ ಆಗಿದ್ರ ನೀರು ಹೀರ್ಕೊಂಡಿರತೈತಿ, ಸೀಲ್ ಇದ್ದ ಬಾಟಲಿನ ತಗೊಳ್ರಿ. ರೋಲರ್ ತೊಳಿಯೋ ವಾಶ್, ಥಿನ್ನರ್, ಪೆಟ್ರೋಲ್ ಮುಟ್ಟಸಬ್ಯಾಡ್ರಿ: ಎಣ್ಣಿ ಪದರ ಬಿಡತಾವ, ಸ್ಲಾಟಿನ ಪ್ಲಾಸ್ಟಿಕ್ ತಿಂತಾವ. ಕಂಪ್ರೆಸರಿನ ಗಾಳಿ ಬ್ಯಾಡ, ಆ ಪೈಪಿನೊಳಗ ನೀರಿನ ಹನಿ, ಎಣ್ಣಿ ಬರತೈತಿ, ಒತ್ತಡಕ್ಕ ಪಿನ್ ಬಾಗತಾವ. ಹ್ಯಾಂಡ್ ಸ್ಯಾನಿಟೈಜರ್‌ನ್ಯಾಗ ನೀರು, ಗ್ಲಿಸರಿನ್ ಎರಡೂ ಇರತಾವ, ಅದೂ ಬ್ಯಾಡ.

ಬ್ಯಾಟರಿ ಕನೆಕ್ಟರ್ ತಗದು, ಎರಡೂ ಸ್ಟಿಕ್ ಹೊರಗ ತಗೀರಿ. ಬೋರ್ಡನ್ನ ಓರೆ ಹಿಡದು ಮೊದಲ ಒಣಾ ಬ್ರಶ್ಶಿನಿಂದ ಸ್ಲಾಟಿನ ಒಂದು ತುದಿಯಿಂದ ಇನ್ನೊಂದು ತುದಿತನಕ, ಪ್ರತಿ ಸಲ ಪಿನ್ನಿನ ದಿಕ್ಕಿನ್ಯಾಗ ಝಾಡಸ್ರಿ. ಅಡ್ಡ ಎಳದ್ರ ಬ್ರಶ್ಶಿನ ಕೂದಲು ಪಿನ್ನಿಗೆ ಸಿಕ್ಕಿ ಬಾಗಸತೈತಿ. ಬ್ಲೋವರಿನಿಂದ ಊದ್ರಿ. ಬಾಯಿಂದ ಊದಬ್ಯಾಡ್ರಿ, ಉಗುಳು ಹೋಗತೈತಿ. ಹುಡಿ ಪೂರಾ ಹೋದ ಮ್ಯಾಲೇನ ಐಪಿಎ. ಹುಡಿ ಇದ್ದಾಗ ಹಸಿ ಮಾಡಿದ್ರ ಅದು ಅಂಟಿನಂಗ ಆಗಿ ಪಿನ್ನಿನ ಬುಡಕ್ಕ ಇಳೀತೈತಿ, ಆಮ್ಯಾಲೆ ತಗಿಯೂದು ಕಷ್ಟ. ಬ್ರಶ್ಶಿನ ತುದಿ ಐಪಿಎದಾಗ ಅದ್ದಿ, ಅರಿವಿಗೆ ಒರಸಿ, ತುಸು ಹಸಿ ಇರೂಹಂಗ ಮಾಡ್ಕೊಂಡು ಪಿನ್ನಿನ ಮ್ಯಾಲಿನ ಸಾಲು, ಕೆಳಗಿನ ಸಾಲು ಎರಡಕ್ಕೂ ಆಡಸ್ರಿ. ಮತ್ತ ಊದ್ರಿ. ಇದನ್ನ ಬ್ರಶ್ ಸ್ವಚ್ಛ ಬರೂತನಕ ಮಾಡ್ರಿ. ಅರ್ಧ ತಾಸು ಒಣಗಾಕ ಬಿಡ್ರಿ.

ಸ್ಟಿಕ್ಕಿನ ಬಂಗಾರದ ಪಟ್ಟಿಗೆ ಐಪಿಎ ಹಚ್ಚಿದ ಅರಿವಿ ಸಾಕು. ರಬ್ಬರಿನಿಂದ ಉಜ್ಜೋ ರೂಢಿ ನಮ್ಮ ಕಡೆ ಎಲ್ಲಾ ಅಂಗಡಿಯೊಳಗ ಐತಿ. ಹೊಸ ಸ್ಟಿಕ್ಕಿಗೆ ಅದು ಬ್ಯಾಡ್ರಿ. ಆ ಬಂಗಾರದ ಲೇಪ ಭಾಳ ತೆಳ್ಳಗ, ಖರಖರ ರಬ್ಬರ್ ಅದನ್ನ ಕೆರೀತೈತಿ. ಕೆರದ ಜಾಗಾದಾಗ ಕೆಳಗಿನ ಲೋಹ ತೆರಕೊಂಡು ಮುಂದಿನ ಮಳಿಗಾಲಕ್ಕ ಕಪ್ಪಾಗತೈತಿ. ಹಳೆ ಸ್ಟಿಕ್ ಕಪ್ಪಾಗಿದ್ದು ಐಪಿಎಗೆ ಬಿಡದ ಇದ್ದಾಗ ಮಾತ್ರ ಬಿಳೇ ಮೆತ್ತನ್ನ ರಬ್ಬರ್ ಹಗರಕ ಎಳದು, ಅದರ ಪುಡಿ ಒರಸಿ, ಮತ್ತ ಐಪಿಎ.

ಸ್ವಚ್ಛ ಆದ ಮ್ಯಾಲೆ ಸ್ಟಿಕ್ಕನ್ನ ಸ್ಲಾಟಿಗೆ ಎರಡು ಮೂರು ಸಲ ಹಾಕಿ ತಗದು ಮಾಡ್ರಿ, ತಿಕ್ಕಾಟಕ್ಕ ಪಿನ್ನಿನ ಮ್ಯಾಲೆ ಉಳದ ಪದರನೂ ಹೋಗತೈತಿ. ಬ್ಯಾಟರಿ ಹಚ್ಚಿ, 'ಈ' ಜೋಡಣಿ (ಹೊಸ ಸ್ಟಿಕ್ ಒಂದೇ, 2ನೇ ಸ್ಲಾಟಿನ್ಯಾಗ) ಮತ್ತ 4 ಪಾಸ್, ಆಮ್ಯಾಲೆ ಎರಡೂ ಕೂಡಿಸಿ 4 ಪಾಸ್.

ಇಷ್ಟಾದರೂ ಅದ ಬಿಟ್ ತಪ್ಪಿದ್ರ ಸ್ಲಾಟಿನ ಕಾಲಿನ ಬೆಸುಗಿ ಬಿಟ್ಟಿರಬಹುದು, ಇಲ್ಲಾ ಒಂದು ಪಿನ್ ಒಳಗ ಸೋತಿರಬಹುದು. ಆವಾಗ ಮೈಕ್ರೊಸ್ಕೋಪ್ ಇದ್ದವರ ಕಡೆ ಕೊಡ್ರಿ. ಫ್ಲಕ್ಸ್ ಹಾಕಿ ಕಾಲು ಮತ್ತ ಬೆಸದ್ರ ಎಷ್ಟೋ ಸಲ ಸರಿ ಆಗತೈತಿ. ಪೂರಾ ಸ್ಲಾಟ್ ಬದಲಿ ಮಾಡೋದಾದ್ರ ಹಾಟ್ ಏರ್ ಹೊಡಿಯೋವಾಗ ಬಾಜೂಕಿನ ಪ್ಲಾಸ್ಟಿಕ್ ಕನೆಕ್ಟರ್ ಕರಗದಂಗ ಕ್ಯಾಪ್ಟಾನ್ ಟೇಪ್ (ಬಿಸಿ ತಡಿಯೋ ಟೇಪ್) ಹಚ್ಚತಾರೋ ಇಲ್ಲೋ ಕೇಳ್ರಿ. ಅಷ್ಟು ಖರ್ಚು ಬ್ಯಾಡ ಅಂದ್ರ ಹೊಸ 16 ಜಿಬಿ ಒಂದನ್ನ 1ನೇ ಸ್ಲಾಟಿಗೆ ಹಾಕಿ ಓಡಸ್ರಿ. ಡ್ಯುಯಲ್ ಚಾನೆಲ್ ಹೋಗತೈತಿ, ಆದ್ರ ಮೊದಲಿನ ಎರಡರಷ್ಟು ಮೆಮೊರಿ ಇರತೈತಿ, ಮಷಿನ್ ಬೀಳಂಗಿಲ್ಲ. ನನ್ನ ಮಟ್ಟಿಗೆ, ತಪ್ಪು ತೋರಸೋ 24ಕ್ಕಿಂತ ಖಾತ್ರಿ ಇರೋ 16 ಮೇಲು.

---

ಬೆಟಗೇರಿ_ಡಿಟಿಪಿ, ಗದಗ

ಹೇಳಿದಂಗ ಮಾಡೇವ್ರಿ. ಬ್ರಶ್ಶಿಗೆ ಬಿಳೇ ಹುಡಿ ಭಾಳ ಬಂತು. 'ಈ' ಜೋಡಣಿ 4 ಪಾಸ್ ಸ್ವಚ್ಛ, ಎರಡೂ ಕೂಡಿಸಿ 4 ಪಾಸ್ ಸ್ವಚ್ಛ. ಗ್ರಾಫಿಕ್ಸ್ ಹೆಸರು ಐರಿಸ್ ಎಕ್ಸ್‌ಇ ಅಂತ ಬಂದೈತಿ. ಕ್ಯಾಲೆಂಡರ್ ಶೀಟ್ ತಗದು ಕೋರೆಲ್ ಹಚ್ಚಿದ್ರೂ ಬೀಳವಲ್ದು. ಸ್ಲೀಪಿನಿಂದ ಎಬ್ಬಿಸಿದಾಗಿನ ಕರಿ ಸ್ಕ್ರೀನ್ ಮಾತ್ರ ಇನ್ನೂ ಒಮ್ಮೊಮ್ಮೆ ಬರತೈತಿ.

---

ರಾಣೇಬೆನ್ನೂರು_ಬಯಾಸ್, ಹಾವೇರಿ ಜಿಲ್ಲೆ

ಈಗ ಡ್ರೈವರಿನ ಸರದಿ. ಲ್ಯಾಪ್‌ಟಾಪ್ ತಯಾರಕರ ಪುಟದಿಂದಲೇ ನಿಮ್ಮ ಮಾಡೆಲ್ಲಿನ ಬಯಾಸ್ ಮೊದಲು, ಗ್ರಾಫಿಕ್ಸ್ ಡ್ರೈವರ್ ಆಮೇಲೆ ಹಾಕಿರಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ತೆರೆದು ಪವರ್‌ಸಿಎಫ್‌ಜಿ ಎಂಬ ಕಮಾಂಡಿನಿಂದ ಹೈಬರ್ನೇಟ್ ಆಫ್ ಮಾಡಿರಿ, ಫಾಸ್ಟ್ ಸ್ಟಾರ್ಟಪ್ ಅದರ ಜೊತೆಗೇ ಹೋಗುತ್ತದೆ, ಹಳೆ ಹೈಬರ್ನೇಟ್ ಫೈಲೂ ಅಳಿಯುತ್ತದೆ. ಒಮ್ಮೆ ರೀಸ್ಟಾರ್ಟ್ ಮಾಡಿದ ಮೇಲೆ ಬೇಕಿದ್ದರೆ ಮತ್ತೆ ಆನ್ ಮಾಡಬಹುದು, 24 ಜಿಬಿಗೆ ತಕ್ಕ ಹೊಸ ಫೈಲ್ ಮಾಡಿಕೊಳ್ಳುತ್ತದೆ.

---

ಸಾಧನಕೇರಿ_ಬೆಂಚ್, ಧಾರವಾಡ

ಕ್ರ್ಯಾಶ್ ನಿಂತಿತು ಅಂತ ಇಲ್ಲಿಗೇ ಬಿಡಬ್ಯಾಡ್ರಿ. ದೋಷ ಇದ್ದ ದಿನಗಳೊಳಗ ಬರದ ಫೈಲ್ ಯಾವುದಾದರೂ ಆ ಸ್ಲಾಟಿನ ಮೂಲಕ ಡಿಸ್ಕಿಗೆ ಹೋಗಿರಬಹುದು. ಸೇವ್ ಮಾಡಿದ್ದಷ್ಟೇ ಅಲ್ಲ, ಪೆನ್‌ಡ್ರೈವಿನಿಂದ ಕಾಪಿ ಮಾಡಿದ್ದೂ ರ‍್ಯಾಮಿನೊಳಗ ಹಾದೇ ಹೋಗ್ತದ.

ಮೊದಲ ವಿಂಡೋಸ್. ಅಡ್ಮಿನಿಸ್ಟ್ರೇಟರ್ ಕಮಾಂಡಿನ್ಯಾಗ ಡಿಐಎಸ್‌ಎಂನ ರಿಸ್ಟೋರ್ ಹೆಲ್ತ್, ಅದು ಮುಗದ ಮ್ಯಾಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ (ಎರಡೂ ವಿಂಡೋಸಿನ ಕೆಟ್ಟ ಫೈಲ್ ಹುಡುಕಿ ರಿಪೇರಿ ಮಾಡೋ ಕಮಾಂಡ್). ಸಿ ಡ್ರೈವಿಗೆ ಚೆಕ್‌ಡಿಸ್ಕ್ ಒಮ್ಮೆ. ಎಸ್‌ಎಫ್‌ಸಿ ಏನರೆ ರಿಪೇರಿ ಮಾಡಿದೆ ಅಂದ್ರ, ರೀಸ್ಟಾರ್ಟ್ ಮಾಡಿ ಮತ್ತೊಮ್ಮೆ ಓಡಸ್ರಿ, ಏನೂ ಇಲ್ಲ ಅನ್ನೋತನಕ.

ಆಮ್ಯಾಲೆ ಜಾಬ್ ಫೈಲ್. ಫೋಲ್ಡರನ್ನ ತಾರೀಖಿನ ಪ್ರಕಾರ ಹೊಂದಿಸಿ, ರ‍್ಯಾಮ್ ಹಾಕಿದ ದಿನದಿಂದ ಸ್ಲಾಟ್ ಸ್ವಚ್ಛ ಆದ ದಿನದತನಕದ್ದು ಬ್ಯಾರೆ ಮಾಡ್ರಿ. ಜಿಪ್ ಇದ್ರ 7-ಝಿಪ್‌ನ್ಯಾಗ ಟೆಸ್ಟ್ ಒತ್ತಿದ್ರ ಸಾಕು, ಒಳಗಿನ ಚೆಕ್‌ಸಮ್ ಹೊಂದದ ಇದ್ರ ಹೇಳ್ತದ. ಜೆಪೆಗ್ ಕೆಟ್ಟಿದ್ರ ಅರ್ಧದಿಂದ ಬಣ್ಣ ಜಾರಿದ ಪಟ್ಟಿ ಕಾಣಸ್ತದ. ಕಂಪ್ರೆಸ್ ಮಾಡದ ಟಿಫ್ ಹಂಗಲ್ಲ, ಒಂದು ಚುಕ್ಕಿಯ ಬಣ್ಣ ತಪ್ಪಿದ್ರ ಕಣ್ಣಿಗೆ ಬೀಳೂದೇ ಇಲ್ಲ. ಮೂಲ ಪೆನ್‌ಡ್ರೈವ್ ಇನ್ನೂ ನಿಮ್ಮ ಕಡೆ ಇದ್ರ ಮತ್ತೊಮ್ಮೆ ಕಾಪಿ ಮಾಡೋದೇ ಚಲೋ. ಆ ದಿನಗಳ ಬ್ಯಾಕಪ್‌ನ್ನ ಹಳೆ ಬ್ಯಾಕಪ್ಪಿನ ಮ್ಯಾಲೆ ಬರೀಬ್ಯಾಡ್ರಿ, ಎರಡೂ ಇಡ್ರಿ.

ಅಂಕಿ ಇರೋ ಕೆಲಸ ಇದ್ರ ಹೆಚ್ಚಿನ ಕಾಳಜಿ ಬೇಕು. ಕಂಪ್ಯೂಟರಿನೊಳಗ 1ರ ಸಂಕೇತ 00110001, 3ರ ಸಂಕೇತ 00110011. ನಡುವಿನ ವ್ಯತ್ಯಾಸ ಒಂದೇ ಬಿಟ್. ನುಡಿಯ ಹಳೆ ಎನ್‌ಕೋಡಿಂಗಿನ ಫಾಂಟಿನ್ಯಾಗ ಒಂದು ಬೈಟ್ ಅಂದ್ರ ಅಕ್ಷರದ ಒಂದು ತುಂಡು, ಬಿಟ್ ತಿರುಗಿದ್ರ ಒತ್ತಕ್ಷರ ಬದಲಾಗಬಹುದು, ಫೈಲ್ ಮಾತ್ರ ಏನೂ ಆಗಿಲ್ಲ ಅನ್ನೋಹಂಗ ತೆರೀತದ. ಹಂಗಾಗೂದು ಅಪರೂಪ ಖರೆ, ಆದ್ರ ಪ್ಲೇಟ್ ಹೊಡಿಸಿದ ಮ್ಯಾಲೆ ಗೊತ್ತಾದ್ರ ಪ್ಲೇಟೂ ಹೋಗ್ತದ, ಕಾಗದಾನೂ ಹೋಗ್ತದ. ಆ ಅವಧಿಯೊಳಗ ಸೇವ್ ಆದ ಕ್ಯಾಲೆಂಡರಿನ ತಿಥಿ, ಬಿಲ್‌ಬುಕ್ಕಿನ ಜಿಎಸ್‌ಟಿ ನಂಬರ್, ಲಗ್ನಪತ್ರಿಕಿಯ ತಾರೀಖು ಮತ್ತು ಮುಹೂರ್ತ ಇವನ್ನ ಸಿಟಿಪಿಗೆ (ಕಂಪ್ಯೂಟರಿನಿಂದ ಸೀದಾ ಪ್ಲೇಟ್ ಮಾಡೋ ಯಂತ್ರ) ಕಳಿಸೋ ಮೊದಲ ಪ್ರಿಂಟ್ ತಗದು, ಗಿರಾಕಿ ಬರದು ಕೊಟ್ಟ ಚೀಟಿಗೆ ಹಿಡದು ಓದ್ರಿ.